ನಿಧಾನಕ್ಕೆ ಇಳಿಯುವ ಹಾರ್ಮೋನು

ವಯಸ್ಸಾಯಿತೆಂದು ಒಪ್ಪಿಕೊಳ್ಳುವುದಕ್ಕೆ ನನ್ನದೇನೂ ತಕರಾರಿಲ್ಲ. ಅದನ್ನು ನಲವತ್ತು ಜನರೆದುರು ಮೈಕಿನ ಮುಂದೆ ಒಪ್ಪಿಕೊಳ್ಳಬೇಕಾಗಿ ಬಂದಾಗ ಮಾತ್ರ ಕೊಂಚ ಕಷ್ಟವಾಗುತ್ತದೆ. ನಮ್ಮ ವಿಮಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ನನ್ನ ಪಕ್ಕದ ಮೇಜಿನಲ್ಲೇ ಕೂತು, ಹಲಸೂರಿನ ಮನೆಯಿಂದ ನನಗೂ ಸೇರಿಸಿ ಪುಳಿಯೋಗರೆ ತರುತ್ತಿದ್ದ ಸೆಲ್ವಿಯ ನಿವೃತ್ತಿಯ ದಿನ ಅದು. ಭಾಷಣ ನನ್ನದೇ. "ಇವತ್ತು ನಿವೃತ್ತರಾಗ್ತಿರೋ ನಮ್ಮ ಪ್ರೀತಿಯ..." ಎಂದವಳಿಗೆ ಮುಂದಿನ ಎರಡಕ್ಷರ ಬರಲೇ ಇಲ್ಲ. ಅವಳ ಅತ್ತೆಯ ಹೆಸರು ನೆನಪಾಯಿತು, ಅವಳ ಮನೆಯ ನಾಯಿಯ ಹೆಸರೂ ನೆನಪಾಯಿತು. ಬೇರೆ ದಾರಿ ಕಾಣದೆ, "ಕೆಲವರನ್ನ ಹೆಸರು ಹಿಡಿದು ಕರೆಯೋಕೆ ಮನಸ್ಸೇ ಬರಲ್ಲ" ಎಂದು ಗದ್ಗದಿತಳಾಗಿ ಹೇಳಿ ಕೆಳಗಿಳಿದೆ. ಚಪ್ಪಾಳೆಯೋ ಚಪ್ಪಾಳೆ. ಸೆಲ್ವಿ ಅಳುತ್ತ ಬಂದು ತಬ್ಬಿಕೊಂಡಳು. ನಾನೂ ಅತ್ತೆ, ನನ್ನ ಕಾರಣ ಬೇರೆ.

ನಿಜಕ್ಕೂ ಹೆದರಿದ್ದೆ. ನನ್ನ ಸೋದರತ್ತೆ ಕೊನೆಗಾಲದಲ್ಲಿ ಹೆತ್ತ ಮಗಳನ್ನೇ ಯಾರಮ್ಮ ನೀನು ಎಂದು ಕೇಳುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನು. ಒಂದು ವಾರ ನಿದ್ದೆಗೆಟ್ಟು, ಕಡೆಗೆ ಯಜಮಾನರನ್ನು ಜೊತೆಮಾಡಿಕೊಂಡು ಇಂದಿರಾನಗರದ ಒಬ್ಬ ಡಾಕ್ಟರಮ್ಮನ ಬಳಿ ಹೋದೆ. ಆಕೆ ನನ್ನಿಂದ ಗಡಿಯಾರದ ಚಿತ್ರ ಬರೆಸಿದರು, ಐದು ಪದ ಹೇಳಿ ಆಮೇಲೆ ವಾಪಸು ಕೇಳಿದರು, ರಕ್ತದ ವರದಿ ನೋಡಿದರು. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿಯುತ್ತದಂತೆ. ಮಿದುಳಿನಲ್ಲಿ ನೆನಪು ಕಾಯುವ ಭಾಗಕ್ಕೂ ಅದರ ಆಸರೆ ಬೇಕಂತೆ. ಸಾಲದ್ದಕ್ಕೆ ನಿದ್ದೆಗೆಟ್ಟು ಚಿಂತಿಸಿದರೆ ಒತ್ತಡದ ಹಾರ್ಮೋನು ಏರಿ ಮರೆವು ಇನ್ನಷ್ಟು ಹೆಚ್ಚುತ್ತದಂತೆ. "ನಿಮ್ಮ ಅತ್ತೆಗಿದ್ದ ಕಾಯಿಲೆ ಥರ ಇದು ಕಾಣ್ತಿಲ್ಲ ಮೇಡಂ. ಮೊದಲು ಚೆನ್ನಾಗಿ ನಿದ್ದೆ ಮಾಡಿ" ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಪಕ್ಕದಲ್ಲಿದ್ದ ಯಜಮಾನರು ಮಾತ್ರ, ಮನೆಯಲ್ಲಿ ಎಲ್ಲವನ್ನೂ ತಾವೊಬ್ಬರೇ ನೆನಪಿಟ್ಟುಕೊಳ್ಳಬೇಕಾಗಿದೆ ಎಂದು ಅಲವತ್ತುಕೊಂಡರು. ಡಾಕ್ಟರಮ್ಮ ಕನ್ನಡಕದ ಮೇಲಿಂದ ಅವರನ್ನು ನೋಡಿದರು. "ಗಂಡಸರಿಗೂ ಇಳಿಯುತ್ತೆ ಸರ್. ನಿಧಾನಕ್ಕೆ ಇಳಿಯುತ್ತೆ, ಅದಕ್ಕೇ ಗೊತ್ತಾಗಲ್ಲ." ಈ ಮಾತನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಬೇಕೆನಿಸಿತು ನನಗೆ.

ಮುಖ ಊದಿಸಿಕೊಂಡು ಹೊರಬಂದ ಯಜಮಾನರಿಗೆ ಸ್ಕೂಟರ್ ಸಿಗಲಿಲ್ಲ. ಬೇಕರಿಯ ಮುಂದೆ, ಪಬ್ಬಿನ ಹಿಂದೆ, ಅಡ್ಡರಸ್ತೆಯ ಮರಗಳ ಕೆಳಗೆಲ್ಲ ಅರ್ಧ ಗಂಟೆ ಹುಡುಕಿದೆವು. ಹಾರ್ಮೋನು ರೀ, ನಿಧಾನಕ್ಕೆ ಇಳಿಯುತ್ತೆ ಎಂದು ನಾನು ಹಿಂದಿನಿಂದ ಆಗಾಗ ಸಮಾಧಾನ ಹೇಳುತ್ತಿದ್ದೆ. ಕೊನೆಗೆ ಅವರು ಕಳ್ಳತನದ ದೂರು ಕೊಡಲು ಪೊಲೀಸ್ ಠಾಣೆಯ ಕಡೆ ಹೊರಟೇಬಿಟ್ಟಾಗ ತಡೆದು ನಿಲ್ಲಿಸಿದೆ.

"ರೀ, ಸ್ಕೂಟರ್ ರಾಮಮೂರ್ತಿ ನಗರದಲ್ಲಿ ನಮ್ಮನೆ ಮುಂದೇನೇ ಇದೆ. ನಾವು ಬಂದಿದ್ದು ಮೆಟ್ರೋದಲ್ಲಿ."

ಗೊತ್ತಿದ್ದೂ ಗೊತ್ತಿದ್ದೂ ಆಟ ಆಡಿಸಿದೆನೆಂದು ಅವರಿಗೆ ಇವತ್ತಿಗೂ ಸಿಟ್ಟು. ನಾನೂ ಅಲ್ಲಗಳೆಯಲು ಹೋಗಿಲ್ಲ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಬೆವರೊರೆಸಿಕೊಳ್ಳಲು ಕರವಸ್ತ್ರಕ್ಕೆಂದು ಬ್ಯಾಗಿಗೆ ಕೈಹಾಕಿದಾಗ ಮೆಟ್ರೋ ಕಾರ್ಡು ಬೆರಳಿಗೆ ತಗಲದೇ ಹೋಗಿದ್ದರೆ, ಆ ದೂರಿಗೆ ಸಾಕ್ಷಿಯಾಗಿ ಸಹಿ ಹಾಕುತ್ತಿದ್ದವಳು ನಾನೇ.