ನಾನು ಕೊಟ್ಟ ಒಂದು ನಕ್ಷತ್ರ

ಯಾವುದನ್ನೂ ಸುಮ್ಮನೆ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ನನಗೆ ಎರಡು ವರ್ಷ ಕಲಿಸಿದರು. ನಂಬದೇ ಇರುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬ ಪಾಠವನ್ನು ಮೂರನೆಯ ವರ್ಷಕ್ಕೆ ಇಟ್ಟುಕೊಂಡಿದ್ದರೋ ಏನೋ, ಎಂ.ಎ.ಗೆ ಮೂರನೆಯ ವರ್ಷವೇ ಇಲ್ಲ. ಇತ್ತೀಚೆಗೆ ಈ ಸಂಶಯ ನನ್ನ ನೆನಪಿನ ಮೇಲೂ ತಿರುಗಿದೆ. ಗ್ಯಾಸ್ ಆರಿಸಿದೆನೇ ಎಂದು ಹಾಸನದ ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ನೋಡಿದರೆ ಆರಿಸಿರುತ್ತೇನೆ. ಖಂಡಿತ ಆರಿಸಿದ್ದೇನೆ ಎಂದು ಧೈರ್ಯವಾಗಿ ಹೊರಟ ದಿನ ಹಾಲು ಸೀದಿರುತ್ತದೆ.

ಮೊಬೈಲು ಬಂದ ಮೇಲೆ ನನ್ನಂಥವರಿಗೆ ಸುಗ್ಗಿ. ಹೋಟೆಲು, ಆಸ್ಪತ್ರೆ, ಚಪ್ಪಲಿ, ಎಲ್ಲಕ್ಕೂ ನಕ್ಷತ್ರ ಕೊಡಬಹುದು. ಮೂರರ ಮೇಲೆ ಕೊಟ್ಟ ಕೈಯಲ್ಲ ನನ್ನದು. ಹೊಳೆನರಸೀಪುರದಲ್ಲಿರುವ ತಂಗಿ ಸುಜಾತಳ ಮಗಳು ಭವ್ಯ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು. ದಿನಾ ಹೋಗಿ ಬರುವಷ್ಟು ದೂರದಲ್ಲಿ ಒಂದು ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಸಂಕ್ರಾಂತಿ ಕಳೆದ ಮೇಲೆ ಗಂಡು ನೋಡುವುದೇ ಎಂದು ಅವಳಪ್ಪ ಗಡುವು ಹಾಕಿದ್ದ. "ಅಣ್ಣ, ಕಾಸು ಕೇಳದೆ ಕೆಲಸ ಹುಡುಕಿಕೊಡೋ ಆ್ಯಪ್‌ಗಳಿವೆಯಂತಲ್ಲ, ಯಾವುದು ಸಾಚಾ ಅಂತ ನೀನೇ ನೋಡಿ ಹೇಳು" ಎಂದಳು ಸುಜಾತ. ತಂಗಿಗೆ ಮಾತ್ರ ಯಾಕೆ, ಲೋಕಕ್ಕೇ ಹೇಳೋಣ ಎಂದು ಒಂದೊಂದನ್ನೂ ಬಳಸಿ ಬಹಿರಂಗವಾಗಿ ವಿಮರ್ಶೆ ಬರೆಯಲು ಕೂತೆ. ಒಂದು ಆ್ಯಪು 'ನಿಮ್ಮ ಹತ್ತಿರದಲ್ಲೇ' ಎಂದು ದೆಹಲಿಯ ಕೆಲಸ ತೋರಿಸಿತು. ಇನ್ನೊಂದು, ಹುಡುಗಿಗೆ ಕ್ರೇನ್ ಓಡಿಸಲು ಬರುತ್ತದೆಯೇ ಎಂದು ಕೇಳಿತು. ಮೂರನೆಯದರಲ್ಲಿ ಹೆಸರು, ಓದು ಎಲ್ಲ ತುಂಬಿ ಫೋನ್ ನಂಬರಿನ ಜಾಗಕ್ಕೆ ಬಂದಾಗ, ಅವತ್ತು ನಮ್ಮ ಮನೆಗೆ ಬಂದು ಪಕ್ಕದಲ್ಲಿ ಕೂತಿದ್ದ ಭವ್ಯಳ ಕೈ ತಡೆದೆ. ನಮ್ಮ ಕಡೆ ಹೆಣ್ಣುಮಕ್ಕಳ ನಂಬರನ್ನು ಗುರುತಿಲ್ಲದವರಿಗೆ ಕೊಡುವುದಿಲ್ಲ. ಸಿಲಿಂಡರ್ ಬುಕ್ ಮಾಡುವುದಕ್ಕೂ ಮನೆಯ ಗಂಡಸಿನ ನಂಬರೇ ಆಗಬೇಕು.

"ನಂದು ಹಾಕು" ಎಂದೆ.

"ನೀವು ಮರೀತೀರ, ಮಾವ."

"ನಾನಾ?" ಎಂದೆ.

ಕೆಲವು ದಿನಗಳ ಮೇಲೆ ಮಧ್ಯಾಹ್ನ ಮುದ್ದೆ ಮುರಿಯುತ್ತಿದ್ದಾಗ ಫೋನ್ ಬಂತು.

"ಸಾ, ಭವ್ಯ ಅವ್ರಾ?"

"ದನಿ ಕೇಳಿದರೆ ಗೊತ್ತಾಗಲ್ವೇನ್ರಿ? ನಮ್ಮ ಹುಡುಗಿ ಹೆಸರು ನಿಮಗೆ ಹೇಗೆ ಸಿಕ್ತು?"

"ಆ್ಯಪಲ್ಲಿ ನೋಡ್ದೆ ಸಾ. ಚನ್ನರಾಯಪಟ್ಟಣದಲ್ಲಿ ನಮ್ದು ಕಾಯಿ ಮಂಡಿ. ಲೆಕ್ಕ ಬರಿಯಾಕೆ ಒಬ್ರು ಬೇಕಾಗವ್ರೆ. ನಾಳೆ ಬಂದು ಓಗಾಕಾಯ್ತದಾ?"

"ಮೊದಲು ಎಷ್ಟು ಕಟ್ಟಬೇಕು, ಅದನ್ನ ಹೇಳಿ."

"ಕಟ್ಟಾದೇನಿಲ್ಲ ಸಾ, ಸಂಬಳ ನಾವೇ ಕೊಡಾದು."

"ನಾನು ಎಂ.ಎ. ಓದಿದವನು ಕಣ್ರಿ. ನನ್ನ ಹತ್ರ ಈ ಆಟ ಬೇಡ."

"ಸಂತೋಸ ಸಾ. ಆದ್ರೆ ನಮಗೆ ಬಿ.ಕಾಂ. ಆದೋರು ಬೇಕಾಗಿತ್ತು."

ಈ ಕುಚೋದ್ಯ ಸಾಕಾಯಿತು. ಪೊಲೀಸರ ಹೆಸರೆತ್ತಿ ಫೋನ್ ಇಟ್ಟೆ. ಎಂಜಲು ಕೈ ತೊಳೆದವನೇ ವಿಮರ್ಶೆ ಬರೆದೆ: 'ಹೆಣ್ಣುಮಕ್ಕಳ ಹೆಸರು ಕದ್ದು ಕಂಡವರ ಮನೆಗೆ ಫೋನ್ ಮಾಡುವ ಮೋಸಗಾರರ ತಾಣ. ಎಚ್ಚರ!' ಒಂದು ನಕ್ಷತ್ರ. ಸೊನ್ನೆ ಕೊಡುವ ಅವಕಾಶ ಅವರು ಇಟ್ಟಿರಲಿಲ್ಲ.

ಭಾನುವಾರ ಭವ್ಯ ಬಂದಳು. "ಮಾವ, ಯಾರಾದರೂ ಫೋನ್ ಮಾಡಿದ್ರಾ?" ಎಂದು ಕೇಳಿದಳು. ನಾನು ಮೋಸಗಾರನನ್ನು ಓಡಿಸಿದ ಕಥೆಯನ್ನು ಉತ್ಸಾಹದಿಂದ ಹೇಳಿದೆ. ಅವಳ ಮುಖ ನಿಧಾನವಾಗಿ ಇಳಿಯಿತು. ನಾನು ಅಲ್ಲಿ ಕೊಟ್ಟಿದ್ದು ಅವಳಪ್ಪನ ನಂಬರು ಎಂದು ವಾದಿಸಿದೆ. ಅವಳು ಆ್ಯಪು ತೆರೆದು ತೋರಿಸಿದಳು. ನನ್ನದೇ. ಆ ಕ್ಷಣದಲ್ಲೂ ಆ ಆ್ಯಪೇ ನಂಬರು ಬದಲಾಯಿಸಿರಬಹುದು ಎಂದು ನನಗನ್ನಿಸಿತು ಎಂದರೆ ನನ್ನ ವಿದ್ಯಾಭ್ಯಾಸ ಎಷ್ಟು ಗಟ್ಟಿಯಾದದ್ದು ನೋಡಿ.

ಮಂಡಿಯವನಿಗೆ ಅವಳೇ ಫೋನ್ ಮಾಡಿದಳು. "ಅಯ್ಯೋ, ನೆನ್ನೆ ತಾನೆ ಅರಕಲಗೂಡಿನ ಹುಡುಗಿ ಸೇರ್ಕಂಡ್ಳು ಕಣಮ್ಮ. ನಿಮ್ ಮನೆಯೋರು ಪೊಲೀಸು ಅಂದ್ಬುಟ್ರು, ನಾವ್ ಎದ್ರುಕಂಡ್ವಿ" ಎಂದನಂತೆ. ಭವ್ಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾದ ಮಾಡಿ ಗೆದ್ದಾದರೂ ಸಮಾಧಾನಪಡುತ್ತಿದ್ದೆ. ಎದ್ದು ನನ್ನ ಹೆಂಡತಿಗೆ ಹೇಳಿ ಸಂಜೆ ಬಸ್ಸಿಗೆ ಹೋದಳು. ಬಸ್ಸಿನಲ್ಲಿ ಒಂದು ಗಂಟೆಯ ದೂರದ ಕೆಲಸ, ನಾಳೆ ಬಾ ಎಂದು ಕರೆದಿದ್ದ ಕೆಲಸ. ಅದನ್ನು ನಾನು ಊಟದ ಮಧ್ಯೆ ಗದರಿ ಕಳಿಸಿದ್ದೆ.

ಮರುದಿನವೇ ಹೊಳೆನರಸೀಪುರಕ್ಕೆ ಹೋಗಿ ಅವಳಪ್ಪನ ಕೈಕಾಲು ಹಿಡಿದು ಗಡುವನ್ನು ಯುಗಾದಿಯವರೆಗೆ ಎಳೆಸಿದೆ. ಹೆಣ್ಣುಮಗಳ ಫೋನ್ ಕಾಯಲು ಗಂಡಸು ಬೇಕಾಗಿಲ್ಲ, ಅದರಲ್ಲೂ ನಾನಂತೂ ಬೇಡವೇ ಬೇಡ ಎಂದು ಅವನಿಗೆ ವಿವರಿಸಿದೆ. ಎರಡನೆಯ ಮಾತನ್ನು ಅವನು ತಕ್ಷಣ ಒಪ್ಪಿದ. ಭವ್ಯ ಅದೇ ಆ್ಯಪಿನಲ್ಲಿ ತನ್ನ ನಂಬರು ಹಾಕಿಕೊಂಡಳು. ನಾನು ಬರೆದದ್ದು ಸುಳ್ಳು, ಅದನ್ನು ಅಳಿಸಿ ಐದು ನಕ್ಷತ್ರ ಕೊಟ್ಟು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ ಎಂದು ಫೋನ್ ತೆಗೆದೆ. ಜೀವನದಲ್ಲಿ ಮೊದಲ ಬಾರಿಗೆ ಐದು ಕೊಡುವ ಗಳಿಗೆ.

"ಬೇಡ ಮಾವ, ಅಳಿಸಬೇಡಿ" ಎಂದಳು ಭವ್ಯ.

"ಯಾಕಮ್ಮ, ಸುಳ್ಳಲ್ವಾ ಅದು?"

"ಸುಳ್ಳೇ. ಆದ್ರೆ ಅದನ್ನ ಓದಿ ನಾಲ್ಕು ಜನ ಹೆದರಿ ಈ ಆ್ಯಪ್ ಹಾಕ್ಕೊಳ್ಳದೆ ಇದ್ರೆ ನನಗೆ ಪೈಪೋಟಿ ಕಡಿಮೆ ಆಗತ್ತೆ. ಯುಗಾದಿ ತನಕ ಇರಲಿ ಬಿಡಿ."

ಹಾಗಾಗಿ ಅದು ಇನ್ನೂ ಅಲ್ಲೇ ಇದೆ. ಯಾವ ಊರಿನ ಯಾವ ಹುಡುಗಿ ಅದನ್ನು ಓದಿ ಹಿಂದೆ ಸರಿಯುತ್ತಿದ್ದಾಳೋ ಎಂದು ದಿನಕ್ಕೆರಡು ಸಲ ತೆರೆದು ನೋಡುತ್ತೇನೆ. ನಾನು ಬರೆದ ಅಷ್ಟೂ ಸತ್ಯವಾದ ವಿಮರ್ಶೆಗಳನ್ನು ಇವತ್ತಿನವರೆಗೆ ಒಬ್ಬರೂ ಮೂಸಿ ನೋಡಿಲ್ಲ. ಇದೊಂದರ ಕೆಳಗೆ ಮಾತ್ರ 'ಉಪಯುಕ್ತವಾಗಿದೆ' ಎಂದು ಜನ ಒತ್ತುತ್ತಲೇ ಇದ್ದಾರೆ. ಮೊದಲು ಒತ್ತಿದವಳು ಭವ್ಯ.