ಡಾಕ್ಟರ್ ನಿರ್ದೋಷಿ

ಲೆಕ್ಕ ಬರೆದಿಡುವವರು ಅಪರಾಧ ಮಾಡುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಹಾಲು ಉಕ್ಕಿದ ದಿನ, ಛತ್ರಿ ಮರೆತ ದಿನ, ಬೆಳಗಾವಿಯಿಂದ ಖಾನಾಪುರದ ಶಾಲೆಗೆ ಪಾಠ ಹೇಳಲು ಹೋಗುವಾಗ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕ ದಿನ, ಎಲ್ಲಕ್ಕೂ ನನ್ನ ಡೈರಿಯಲ್ಲಿ ತಾರೀಖಿದೆ. ಈ ವರ್ಷ ಕಿಟಕಿ ಮೂವತ್ತೊಂದು ಸಲ, ನಿಂತದ್ದು ಅರವತ್ತೆರಡು ಸಲ. ಇಂಥ ಶಿಸ್ತಿನ ಹುಡುಗಿ ಒಬ್ಬ ನಿರಪರಾಧಿಯನ್ನು ಕೊಲೆಗಾರ ಮಾಡಿದಳು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಿ.

ನಮ್ಮ ಶಾಲೆಯ ಹಿರಿಯ ಮಾಸ್ತರರು ಬಸಪ್ಪ ಸರ್ ತಾವು ಕೊಂಡ ಹೊಸ ಪತ್ತೇದಾರಿ ಕಾದಂಬರಿಯನ್ನು ತಾವು ಓದುವ ಮೊದಲೇ ನನಗೆ ಕೊಟ್ಟರು. "ಮೊದಲ ನೀ ಓದವಾ. ಚಲೋ ಇದ್ರ ಆಮ್ಯಾಲೆ ಮನ್ಯಾಗ ನಾನೂ ನಮ್ಮಾಕೀನೂ ಓದತೀವಿ. ಕೊಲಿ ಮಾಡಿದಂವ ಯಾರಂತ ಅಷ್ಟ ಹೇಳಬ್ಯಾಡ."

ತಪ್ಪು ಮನುಷ್ಯನನ್ನು ಜೈಲಿಗೆ ಕಳಿಸಿದ ಪೊಲೀಸನೊಬ್ಬ ವರ್ಷಗಳ ಮೇಲೆ ಪಶ್ಚಾತ್ತಾಪಪಟ್ಟು ನಿಜವಾದ ಕೊಲೆಗಾರನನ್ನು ಹುಡುಕುವ ಕಥೆ. ದಿನಕ್ಕೆ ಇಪ್ಪತ್ತು ಪುಟದಂತೆ ಬಸ್ಸಿನಲ್ಲಿ ಓದಿದೆ. ಸಂಶಯ ಬಂದಾಗಲೆಲ್ಲ ಡೈರಿಯಲ್ಲಿ ಆ ಪಾತ್ರದ ಮುಂದೊಂದು ಗೀಟು. ಅಳಿಯನಿಗೆ ನಾಲ್ಕು, ವಕೀಲನಿಗೆ ಆರು, ಡಾಕ್ಟರನಿಗೆ ಹನ್ನೊಂದು. ಅರವತ್ತನೆಯ ಪುಟದಲ್ಲಿ ಡಾಕ್ಟರ್ ಗಡಿಬಿಡಿಯಿಂದ ಕೈ ತೊಳೆದುಕೊಂಡ. ಡಾಕ್ಟರುಗಳು ಕೈ ತೊಳೆಯುತ್ತಲೇ ಇರುತ್ತಾರೆ ಎಂಬುದು ಆಗ ಹೊಳೆಯಲಿಲ್ಲ. ಡೈರಿ ಚೀಲದ ತಳದಲ್ಲಿತ್ತು, ನನ್ನ ಖುಷಿಗೆ ತಡೆಯಿರಲಿಲ್ಲ. ಪುಸ್ತಕದ ಅಂಚಿನಲ್ಲೇ ಪೆನ್ನಿನಿಂದ 'ಕೊಲೆಗಾರ ಇವನೇ!' ಎಂದು ಬರೆದು, ತಾರೀಖು ಹಾಕಿ, ಸಹಿಯನ್ನೂ ಮಾಡಿದೆ.

ಕೊನೆಗೆ ನೋಡಿದರೆ ಡಾಕ್ಟರ್ ದೇವರಂಥವನು. ನಾನು ಅತ್ತು, ಮೂಗು ಒರೆಸಿಕೊಂಡು, ರಜೆ ಶುರುವಾಗುವ ದಿನ ಪುಸ್ತಕ ಮರಳಿಸಿದೆ. ಅಂಚಿನ ನೆನಪಾದದ್ದು ಮೂರನೆಯ ದಿನ, ಅವಲಕ್ಕಿ ತಿನ್ನುವಾಗ. ಫೋನ್ ಮಾಡಿ 'ಅರವತ್ತನೇ ಪುಟ ತೆಗೆಯಬೇಡಿ' ಎಂದರೆ ಯಾರಾದರೂ ಮೊದಲು ಅದನ್ನೇ ತೆಗೆಯುತ್ತಾರೆ. ಸರ್ ನಿಧಾನಸ್ಥರು, ದಿನಕ್ಕೆ ಹತ್ತು ಪುಟದ ಲೆಕ್ಕದಲ್ಲಿ ಇನ್ನೂ ಮೂವತ್ತರಲ್ಲಿರಬೇಕು. ವೈಟ್ನರ್ ಬಾಟಲಿ ಹಿಡಿದು, ಎರಡು ಬಸ್ಸು ಬದಲಿಸಿ, ಬೀಡಿ ಎಂಬ ಊರಿನಲ್ಲಿರುವ ಅವರ ಮನೆಗೆ ಓಡಿದೆ.

"ಬರ್ರಿ ಬರ್ರಿ, ಇನ್ಸ್‌ಪೆಕ್ಟರ್ ಬಾಯಾರು!" ಸರ್ ಕಟ್ಟೆಯ ಮೇಲೆಯೇ ಕೂತಿದ್ದರು. "ನಿನ್ನ ಸಹಿ ನಂಬಿ ಆ ಡಾಕ್ಟರನ್ನ ಇನ್ನೂರು ಪುಟ ಬೈಕೋತ ಓದಿದೆ. ಕಡೀಕ ನೋಡಿದ್ರ ಅಂವಾ ಸಂತ! ಆ ಪಾಪದ ಮನಷ್ಯಾಗ ನ್ಯಾಯ ಬ್ಯಾಡೇನು?"

"ತಪ್ಪಾತ್ರೀ ಸರ್."

"ಬಾಯಿಲೆ ಅಂದ್ರ ನಡ್ಯಂಗಿಲ್ಲ. ಎಲ್ಲಾರಿಗೂ ಕಾಣೂಹಂಗ ಬರಿ."

ಬರೆದೆ. ಮೊದಲ ಖಾಲಿ ಪುಟದಲ್ಲಿ, ದಪ್ಪ ಅಕ್ಷರದಲ್ಲಿ: 'ಡಾಕ್ಟರ್ ನಿರ್ದೋಷಿ. ಕೊಲೆಗಾರ ವಕೀಲ.' ತಾರೀಖು, ಸಹಿ. ಎದೆ ಹಗುರಾಯಿತು. ಕಾದಂಬರಿಯ ಪೊಲೀಸನಿಗೂ ಇಷ್ಟು ಹಗುರಾಗಿರಲಿಕ್ಕಿಲ್ಲ. ಸರ್ ಕೂಡ ಮೆಚ್ಚಿ ತಲೆದೂಗಿದರು.

ಅಷ್ಟರಲ್ಲಿ ಅವರ ಹೆಂಡತಿ, ನಾನು ವೈನಿ ಎಂದು ಕರೆಯುವವರು, ಚಹಾ ತಂದು ಬಗ್ಗಿ ಓದಿದರು.

"ಅಯ್ಯ! ವಕೀಲ ಏನು? ನಾ ಇನ್ನೂ ಹತ್ತನೇ ಪುಟದಾಗ ಅದೀನಲ್ರೀ!"

"ನಾ ಅಲ್ಲ, ಈಕಿ," ಎಂದರು ಸರ್, ಕ್ಷಣವೂ ತಡಮಾಡದೆ. ವೈನಿ ಚಹಾದ ಕಪ್ಪುಗಳೊಂದಿಗೆ ಹಾಗೆಯೇ ಒಳಗೆ ಹೋದರು.

ಆ ದಿನದ ಡೈರಿ: ಪ್ರಾಯಶ್ಚಿತ್ತ ಒಂದು, ಹೊಸ ಅಪರಾಧ ಒಂದು, ಚಹಾ ಸೊನ್ನೆ. ಈ ಸಲ ಪತ್ತೇದಾರಿಕೆಯ ಗೊಡವೆಯೇ ಇಲ್ಲ. ಅಪರಾಧಿ ತಾರೀಖು ಹಾಕಿ ಸಹಿ ಮಾಡಿದ್ದಾಳೆ.