ಮುಂಬಯಿಯ ಸೆಖೆಗೂ ಜಗ್ಗದ ಅಯಸ್ಕಾಂತ

ನಾಲ್ಕು ಜನರೆದುರು ಹೇಳಿಕೊಳ್ಳಲು ಸಂಕೋಚವಾಗುವ ಉದ್ಯೋಗಗಳಲ್ಲಿ ನನ್ನದೂ ಒಂದು. ಕೆಟ್ಟ ಕೆಲಸವೇನಲ್ಲ, ವಿಜ್ಞಾನಿ. ಒಂದೊಂದು ಅಣುವೂ ಒಂದೊಂದು ಪುಟ್ಟ ಅಯಸ್ಕಾಂತವಾಗಿ ವರ್ತಿಸುವಂಥ ಪದಾರ್ಥಗಳನ್ನು ತಯಾರಿಸುತ್ತೇನೆ. ಮುಂದೊಂದು ದಿನ ಕಂಪ್ಯೂಟರಿನ ನೆನಪನ್ನೆಲ್ಲ ಇಂಥ ಅಣುಗಳಲ್ಲೇ ಅಡಗಿಸಿಡಬಹುದು ಎಂದು ಇಪ್ಪತ್ತು ವರ್ಷಗಳಿಂದ ಅರ್ಜಿಗಳಲ್ಲಿ ಬರೆಯುತ್ತಲೇ ಇದ್ದೇನೆ. ತೊಂದರೆ ಏನೆಂದರೆ, ಇವು ಕೆಲಸ ಮಾಡುವುದು ದ್ರವ ಹೀಲಿಯಮ್ಮಿನ ಭಯಂಕರ ಚಳಿಯಲ್ಲಿ ಮಾತ್ರ. ಹೊರಗೆ ತೆಗೆದರೆ ಬರೀ ಪುಡಿ. ಇದನ್ನು ಸಾಂತಾಕ್ರೂಜಿನಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದ ನನ್ನ ಮಾವನಿಗೆ ವಿವರಿಸುವುದು ಹೇಗೆ? "ಅಲ್ಲ ಅಳಿಯಂದಿರೇ, ನಿಮ್ಮ ಮ್ಯಾಗ್ನೆಟ್ಟು ಒಂದು ಗುಂಡುಸೂಜಿಯನ್ನಾದ್ರೂ ಎತ್ತುತ್ತದಾ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೆ ನಿಮಗೆ ಸಂಬಳ ಎಂತಕ್ಕೆ ಕೊಡುದು ಮಾರಾಯ್ರೆ?" ಹೆಂಡತಿ ನನ್ನ ಪರವಾಗಿ ಮಾತಾಡುವಳೆಂದು ಕಾದೆ. ಉತ್ತರ ಕೇಳುವ ಕುತೂಹಲ ಅವಳಿಗೂ ಇತ್ತು.

ಹೀಗಿರುವಾಗ ಕಳೆದ ಮೇ ತಿಂಗಳಲ್ಲಿ, ಲ್ಯಾಬಿನ ಎ.ಸಿ. ಕೆಟ್ಟು ಎಲ್ಲರೂ ಬೆವರಿನಲ್ಲಿ ತೊಯ್ದಿದ್ದಾಗ, ನಾನು ಕೈಯಾರೆ ಮಾಡಿದ ಹೊಸ ಪುಡಿಯ ಸೀಸೆಯ ಹತ್ತಿರ ಸುಮ್ಮನೆ ಒಂದು ಅಯಸ್ಕಾಂತ ಹಿಡಿದೆ. ಪುಡಿ ಟಪ್ಪನೆ ಎದ್ದು ಗಾಜಿಗೆ ಅಂಟಿತು! ಮುಂಬಯಿಯ ಸೆಖೆಯಲ್ಲಿ ಅಣುವಿನ ಅಯಸ್ಕಾಂತ ಕೆಲಸ ಮಾಡುವುದೆಂದರೆ ಪ್ರಪಂಚವೇ ಕಾಯುತ್ತಿದ್ದ ಸುದ್ದಿ. ನನ್ನ ಶಿಷ್ಯೆ ಪ್ರಾಚಿ ದಹಿಸರ್‌ನಲ್ಲಿ ಹುಟ್ಟಿ ಬೆಳೆದವಳು, ಕನ್ನಡ ತಡವರಿಸುತ್ತಾಳೆ, ಸಂಶಯಕ್ಕೆ ಮಾತ್ರ ತಡವರಿಸುವುದಿಲ್ಲ. "ಸರ್, ಏಕ್ ಬಾರ್ ಫಿರ್ ಸೇ ಮಾಡಿ ನೋಡೋಣ?" ಎಂದಳು. ಮೂರು ಸಲ ಮಾಡದೆ ನನ್ನ ಕೋಣೆಗೆ ಕಾಲಿಡಬೇಡಿ ಎಂದು ವರ್ಷಗಟ್ಟಲೆ ಮಕ್ಕಳನ್ನು ಗದರಿಸಿದ ನಾನು, "ಎಲ್ಲದಕ್ಕೂ ಸಂಶಯಪಡಬಾರದಮ್ಮ" ಎಂದುಬಿಟ್ಟೆ. ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡೇ ಮಾವನಿಗೆ ಫೋನ್ ಮಾಡಿದೆ. ನಾನು ಇಳಿಯುವಷ್ಟರಲ್ಲಿ ಅವರು ಕನ್ನಡ ಸಂಘದ ಕಾರ್ಯದರ್ಶಿಯನ್ನು ಹಿಡಿದು, ಭಾನುವಾರ ನನಗೆ ಸನ್ಮಾನ ಎಂದು ಗೊತ್ತುಮಾಡಿ ಆಗಿತ್ತು.

ಶನಿವಾರ ಪ್ರಾಚಿ ನನ್ನ ಮುಂದೆ ಎರಡು ಸೀಸೆ ಇಟ್ಟಳು. ನನಗೆ ಹೇಳದೆ ಅದೇ ಪುಡಿಯನ್ನು ಎರಡು ಸಲ ಮಾಡಿದ್ದಳು. ಅಯಸ್ಕಾಂತ ಹಿಡಿದರೆ ಎರಡೂ ಕಮಕ್ ಕಿಮಕ್ ಎನ್ನಲಿಲ್ಲ. "ಸರ್, ನೀವು ಮಾಡುವಾಗ ಬೇರೆ ಏನು ಯೂಸ್ ಮಾಡಿದ್ರಿ?" ಎಂದಳು. ನಾನು ಮೆಲ್ಲನೆ ಡ್ರಾಯರ್ ಎಳೆದೆ. ತಯಾರಿಸಿದ ದಿನ ಪುಡಿ ಗಾಜಿನ ತಟ್ಟೆಗೆ ಗಟ್ಟಿಯಾಗಿ ಕಚ್ಚಿಕೊಂಡು, ಇದ್ದ ಪ್ಲಾಸ್ಟಿಕ್ ಚಮಚವೂ ಮುರಿದಿತ್ತು. ಮಾರನೆಯ ದಿನ ಕೆರೆಯಲೆಂದು ಮನೆಯಿಂದ ಈ ಸಟ್ಟುಗ ತಂದಿದ್ದೆ. ಹೋಟೆಲು ಮುಚ್ಚುವಾಗ ಮಾವ ನೆನಪಿಗೆಂದು ಕೊಟ್ಟದ್ದು, ದೋಸೆಕಾವಲಿ ಕೆರೆಕೆರೆದು ಅಂಚು ಸವೆದದ್ದು, ಅಪ್ಪಟ ಕಬ್ಬಿಣದ್ದು. ಅಯಸ್ಕಾಂತದ ಸ್ಯಾಂಪಲ್ಲಿನ ಹತ್ತಿರ ಕಬ್ಬಿಣ ತರಬಾರದೆಂದು ಮೊದಲ ವರ್ಷದ ಮಕ್ಕಳಿಗೂ ಗೊತ್ತು. ಹೋಟೆಲಿನವರ ಅಳಿಯನಿಗೆ ಆ ಕ್ಷಣ ಕಂಡದ್ದು ತಟ್ಟೆ ಎಷ್ಟು ಚೊಕ್ಕವಾಗಿ ಬಂತೆಂಬುದು ಮಾತ್ರ. ಕೆರೆದಾಗ ಉದುರಿದ ಕಬ್ಬಿಣದ ಚೂರುಗಳೇ ನನ್ನ ಮಹಾಶೋಧ! ಅಯ್ಯೋ, ಅಳು ಬಂತು. ವಿಜ್ಞಾನಕ್ಕಾದ ನಷ್ಟಕ್ಕಲ್ಲ. ನಾಳೆ ಮಾವನ ಮುಂದೆ ಹೋಗುವ ಮಾನಕ್ಕೆ.

ಭಾನುವಾರ ಸಂಘದ ಬಾಗಿಲಲ್ಲೇ ಮಾವನನ್ನು ಪಕ್ಕಕ್ಕೆ ಕರೆದು ಸಟ್ಟುಗದ ಕಥೆಯನ್ನೆಲ್ಲ ಒಪ್ಪಿಸಿದೆ. ಅವರು ನನ್ನ ತೋಳು ಹಿಡಿದು ಒಳಗೆ ನಡೆಸಿದರು. "ಶಾಲು ತಂದಾಗಿದೆ, ಶೀರಾ ಉಪ್ಪಿಟ್ಟು ಬಿಸಿ ಉಂಟು. ಸ್ಟೇಜು ಹತ್ತಿ" ಎಂದು ತಾವೇ ಮೈಕು ಹಿಡಿದರು. "ನಮ್ಮ ಅಳಿಯ ಕಂಡುಹಿಡಿದದ್ದು ಸುಳ್ಳಾಯ್ತು. ಅದರಲ್ಲಿ ಇದ್ದದ್ದು ನನ್ನ ಸಟ್ಟುಗದ ಕಬ್ಬಿಣ. ಆದ್ರೆ ತಪ್ಪು ಹಿಡಿದದ್ದೂ ಇವರೇ, ಬಂದು ಹೇಳಿದ್ದೂ ಇವರೇ. ನನ್ನ ಹೋಟೆಲಿನಲ್ಲಿ ಸೀದ ದೋಸೆ ಗಿರಾಕಿಯ ಟೇಬಲಿಗೆ ಯಾವತ್ತೂ ಹೋದದ್ದಿಲ್ಲ. ಇವರ ಲ್ಯಾಬೂ ಹಾಗೆ!" ಎಂದರು. ಭಾರೀ ಚಪ್ಪಾಳೆ ಬಿತ್ತು. ಮದುವೆಯಾದ ಮೇಲೆ ಮೊದಲ ಬಾರಿಗೆ ಮಾವ ನನ್ನ ಬೆನ್ನು ತಟ್ಟಿದರು.

ಸೀದದ್ದನ್ನು ಹಿಡಿದವಳು ಎರಡನೆಯ ಸಾಲಿನಲ್ಲಿ ಕೂತ ಪ್ರಾಚಿ, ನಾನು ಅದನ್ನು ಚಟ್ನಿ ಸಮೇತ ಬಡಿಸಲು ಹೊರಟವನು ಎಂದು ಆಗಲೇ ಹೇಳಬೇಕಿತ್ತು. ಮೈಕು ನನ್ನ ಕೈಗೂ ಬಂತು. ಬಾಯಿ ತೆರೆದೆ. "ಎಲ್ಲ ನಿಮ್ಮ ಆಶೀರ್ವಾದ" ಎಂದು ಕೂತುಬಿಟ್ಟೆ.

ಉಪ್ಪಿಟ್ಟಿನ ತಟ್ಟೆ ಹಿಡಿದು ಪ್ರಾಚಿ ಬಂದಳು. ಮಾವನ ಕರಾವಳಿ ಕನ್ನಡ ಇವಳಿಗೆಲ್ಲಿ ತಿಳಿದೀತು ಎಂಬ ಧೈರ್ಯದಲ್ಲಿ ನಾನು ಶಾಲು ಸರಿಮಾಡಿಕೊಂಡು ನಕ್ಕೆ.

"ಸರ್," ಎಂದಳು, "ಭಾಷಣ ನಂಗೆ ಥೋಡಾ ಥೋಡಾನೇ ಸಮಝ್ ಆಯ್ತು. ಲೇಕಿನ್ ಆ ದೋಸೆವಾಲಾ ಪಾರ್ಟ್ ಇದೆಯಲ್ಲ, ಅದು ಪೂರಾ ಆಯ್ತು."